ತಾತನ ಬಗ್ಗೆ ಸೋದರತ್ತೆಯನ್ನು ಕೇಳಿದ ಬಾದಶಹ

ಅಬ್ಬ ತೀರಿಕೊಂಡ ನಲವತ್ತನೇ ದಿನದ ಫಾತೆಹಾ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಹಜಾರದಲ್ಲಿ ಹಾಸಿದ್ದ ಜಮಖಾನೆಯನ್ನು ಮಡಿಸುತ್ತಿದ್ದೆ. ನನ್ನ ತಮ್ಮನ ಮಗ ಹತ್ತಿರ ಬಂದು ನಿಂತ. ಹತ್ತು ವರ್ಷದ ಹುಡುಗ. ಬೆಂಗಳೂರಿನಲ್ಲಿ ಹುಟ್ಟಿ ಅಲ್ಲೇ ಓದುತ್ತಿರುವವನು. ತಾತನನ್ನು ಅವನು ಕಂಡದ್ದೆಲ್ಲ ಬೇಸಿಗೆ ರಜೆಯಲ್ಲಿ, ಇಲ್ಲವೇ ಈದ್‌ಗೆ ಊರಿಗೆ ಬಂದಾಗ. ಅವನು ಕೇಳಿದ: “ಫುಪ್ಪು, ದಾದಾ ಬಾಬರನಿಗೆ ಏನಾಗಬೇಕು?”

ನನಗೆ ಮೊದಲು ಅರ್ಥವಾಗಲಿಲ್ಲ. ಬಿಡಿಸಿ ಕೇಳಿದಾಗ ತಿಳಿಯಿತು. ಆಟದ ಬಯಲಿನಲ್ಲಿ ಜಗಳವಾದಾಗ ಒಬ್ಬ ಹುಡುಗ ಇವನನ್ನು ‘ಬಾಬರನ ಸಂತಾನ’ ಎಂದಿದ್ದಾನೆ. ಬೈದವನಿಗೂ ಅದರ ಅರ್ಥ ಗೊತ್ತಿರಲಾರದು. ದೊಡ್ಡವರ ಬಾಯಿಂದ ಬಿದ್ದದ್ದನ್ನು ಎತ್ತಿಕೊಂಡಿದ್ದಾನೆ. ನಮ್ಮ ಹುಡುಗ ಅದನ್ನು ಬೈಗುಳವೆಂದು ತಿಳಿಯದೆ ವಂಶಾವಳಿ ಎಂದುಕೊಂಡಿದ್ದ. ಅವನ ಲೆಕ್ಕದಲ್ಲಿ ದಾದಾ ಹಳಬರು, ಬಾಬರನೂ ಹಳಬ. ಇಬ್ಬರಿಗೂ ಏನಾದರೊಂದು ನೆಂಟಸ್ತನ ಇರಲೇಬೇಕು.

“ಏನೂ ಆಗಬೇಕಿಲ್ಲ ಮಗನೆ” ಎಂದೆ. ನಮ್ಮ ಅಬ್ಬ ತುಮಕೂರು ಜಿಲ್ಲೆಯ ಒಂದು ಸಂತೆಯೂರಿನಲ್ಲಿ ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದ ದರ್ಜಿ. ಅವರ ಅಪ್ಪನೂ ದರ್ಜಿಯೇ. ಅದರ ಹಿಂದಿನವರ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ಹುಡುಗನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ದಾದಾ ಯಾರು?” ಎಂದು ಕೇಳಿದ. ಅವರಿಗೆ ಏನಿಷ್ಟ, ಚಿಕ್ಕವರಿದ್ದಾಗ ಹೇಗಿದ್ದರು, ಸಿಟ್ಟು ಬಂದರೆ ಏನು ಮಾಡುತ್ತಿದ್ದರು ಎಂದು ಅವನಿಗೆ ತಿಳಿಯಬೇಕಿತ್ತು. ನಾನು ಎರಡು ಮಾತು ಹೇಳಿ ನಿಂತುಬಿಟ್ಟೆ. ಮುಂದೆ ಹೇಳಲು ತೋಚಲಿಲ್ಲ. ನಲವತ್ತು ದಿನಗಳಿಂದ ಬಂದವರಿಗೆಲ್ಲ ಅಬ್ಬನ ಕಾಯಿಲೆಯ ಕಥೆ ಹೇಳಿದ್ದೆನೇ ಹೊರತು ಅಬ್ಬನ ಕಥೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅಂದು ರಾತ್ರಿ ನನಗೆ ನೆನಪಾದವಳು ಗುಲ್‌ಬದನ್ ಬೇಗಂ. ‘ಬಾಬರನ ಸಂತಾನ’ ಎಂಬ ಮಾತಿಗೆ ನಿಜವಾದ ಹಕ್ಕುದಾರಳು ಅವಳು. ಬಾಬರ್ ಮತ್ತು ದಿಲ್ದಾರ್ ಬೇಗಂ ಅವರ ಮಗಳು; 1523ರ ಸುಮಾರಿಗೆ ಕಾಬೂಲಿನಲ್ಲಿ ಹುಟ್ಟಿದವಳು. ಹುಮಾಯೂನನಿಗೆ ಮಲತಂಗಿ. ಅಕ್ಬರನಿಗೆ ಫುಪ್ಪು, ಎಂದರೆ ಸೋದರತ್ತೆ. ತಂದೆ ಮತ್ತು ಅಣ್ಣನ ಬಗ್ಗೆ ಅವಳು ಫಾರ್ಸಿಯಲ್ಲಿ ಬರೆದ ಪುಸ್ತಕವನ್ನು ಇಂದು ‘ಹುಮಾಯೂನ್‌ನಾಮಾ’ ಎಂದು ಕರೆಯುತ್ತೇವೆ. ಹದಿನಾರನೇ ಶತಮಾನದ ಮೊಗಲ್ ಮನೆತನದ ಹೆಣ್ಣುಮಗಳೊಬ್ಬಳು ಬರೆದು ನಮ್ಮ ಕೈಗೆ ಸಿಕ್ಕಿರುವ ಇತಿಹಾಸ ಅದೊಂದೇ.

ಆ ಪುಸ್ತಕ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಕೇಳಿದವನು ಅವಳ ಅಣ್ಣನ ಮಗ.

*

ಅಕ್ಬರ್ ಹುಟ್ಟಿದ್ದು 1542ರ ಅಕ್ಟೋಬರ್‌ನಲ್ಲಿ, ಸಿಂಧ್‌ನ ಉಮರ್‌ಕೋಟೆಯಲ್ಲಿ. ಆ ಹೊತ್ತಿಗೆ ತಾತ ಬಾಬರ್ ಸತ್ತು ಹನ್ನೆರಡು ವರ್ಷವಾಗುತ್ತ ಬಂದಿತ್ತು. ತಂದೆ ಹುಮಾಯೂನ್ ರಾಜ್ಯ ಕಳೆದುಕೊಂಡು ಅಲೆಯುತ್ತಿದ್ದ ಕಾಲ ಅದು. ಕೂಸನ್ನು ಕಾಬೂಲ್-ಕಂದಹಾರ್ ಕಡೆಯ ಚಿಕ್ಕಪ್ಪಂದಿರ ವಶಕ್ಕೆ ಬಿಟ್ಟು ತಂದೆ ತಾಯಿ ಇರಾನಿಗೆ ಹೋಗಬೇಕಾಯಿತು. ಮುಂದೆ ದಿಲ್ಲಿ ಮತ್ತೆ ಕೈಗೆ ಬಂದ ಕೆಲವೇ ತಿಂಗಳಲ್ಲಿ, 1556ರ ಜನವರಿಯಲ್ಲಿ, ಹುಮಾಯೂನ್ ತನ್ನ ಗ್ರಂಥಾಲಯದ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ. ಅಕ್ಬರನಿಗೆ ಆಗ ಹದಿಮೂರು ವರ್ಷ. ತಾತನನ್ನು ಕಾಣಲೇ ಇಲ್ಲ. ತಂದೆಯನ್ನು ಕಣ್ತುಂಬ ಕಾಣಲಿಲ್ಲ.

ಮೂವತ್ತು ವರ್ಷ ಕಳೆದ ಮೇಲೆ, 1587ರ ಸುಮಾರಿಗೆ, ಮನೆತನದ ಚರಿತ್ರೆ ಬರೆಸಲು ಹೊರಟ ಅಕ್ಬರ್ ಒಂದು ಆಜ್ಞೆ ಹೊರಡಿಸಿದ. ತಾತನನ್ನೂ ತಂದೆಯನ್ನೂ ಕಂಡು ಬಲ್ಲವರು ಯಾರೇ ಇರಲಿ, ನೆನಪಿರುವುದನ್ನು ಬರೆದು ಕೊಡಬೇಕು. ಅಬುಲ್ ಫಜಲ್ ಬರೆಯಲಿದ್ದ ‘ಅಕ್ಬರ್‌ನಾಮಾ’ಕ್ಕೆ ಸಾಮಗ್ರಿ ಬೇಕಿತ್ತು. ಹುಮಾಯೂನನ ಕೈಗೆ ನೀರು ಹಾಕುತ್ತಿದ್ದ ಸೇವಕ ಜೌಹರ್ ಬರೆದ. ಸೈನ್ಯದಲ್ಲಿ, ಅರಮನೆಯಲ್ಲಿ ದುಡಿದಿದ್ದ ಬಾಯಜೀದ್ ಬಯಾತ್ ಬರೆಸಿದ. ಅರವತ್ತು ದಾಟಿದ್ದ ಫುಪ್ಪುವಿಗೂ ಆಜ್ಞೆ ಹೋಯಿತು.

ಇದು ನನ್ನ ಮನಸ್ಸನ್ನು ಹಿಡಿದ ಸಂಗತಿ. ಹಿಂದೂಸ್ತಾನದ ಬಾದಶಹ, ಆಸ್ಥಾನದಲ್ಲಿ ವಿದ್ವಾಂಸರ ಹಿಂಡೇ ಇದ್ದವನು, ತನ್ನ ತಾತ ಯಾರು ಎಂದು ಕೇಳಲು ನೀರು ಹಾಕುವವನ ಬಳಿಗೂ ಮನೆಯ ಮುದುಕಿಯ ಬಳಿಗೂ ಹೋದ. ಅಕ್ಬರನಿಗೆ ಓದು ಬರಹ ಬರುತ್ತಿರಲಿಲ್ಲ. ಪುಸ್ತಕಗಳನ್ನು ಓದಿಸಿ ಕೇಳುತ್ತಿದ್ದ. ತಾತ ತುರ್ಕಿಯಲ್ಲಿ ಬರೆದಿಟ್ಟಿದ್ದ ಆತ್ಮಕಥೆಯನ್ನು ಅಬ್ದುರ್ರಹೀಮ್ ಖಾನ್‌ಖಾನಾನ್‌ನಿಂದ ಫಾರ್ಸಿಗೆ ಮಾಡಿಸಿದ. ಆ ಅನುವಾದ ಅವನ ಕೈ ಸೇರಿದ್ದು 1589ರಲ್ಲಿ. ತಾತನ ಮಾತನ್ನು ತಾತನ ಬಾಯಿಂದಲೂ ಕೇಳಬೇಕು, ತಾತನ ಮಗಳ ಬಾಯಿಂದಲೂ ಕೇಳಬೇಕು ಎಂಬ ಹಂಬಲ ಅದು.

ಗುಲ್‌ಬದನ್ ತನ್ನ ಪುಸ್ತಕದುದ್ದಕ್ಕೂ ತಂದೆಯನ್ನು ಹೆಸರಿಡಿದು ಕರೆಯುವುದಿಲ್ಲ. ‘ಫಿರ್ದೌಸ್ ಮಕಾನಿ’ ಎನ್ನುತ್ತಾಳೆ. ಸ್ವರ್ಗದಲ್ಲಿ ಮನೆ ಮಾಡಿದವರು ಎಂದರ್ಥ. ಅಣ್ಣ ಹುಮಾಯೂನ್ ‘ಜನ್ನತ್ ಆಶಿಯಾನಿ’, ಸ್ವರ್ಗದಲ್ಲಿ ಗೂಡು ಕಟ್ಟಿದವರು. ಸತ್ತ ಹಿರಿಯರ ಹೆಸರಿನ ಮುಂದೆ ನಾವು ‘ಮರ್‌ಹೂಂ’ ಸೇರಿಸುವ ಹಾಗೆ. ಮೊದಲಿಗೇ ಅವಳು ಒಂದು ತಪ್ಪೊಪ್ಪಿಗೆಯನ್ನೂ ಇಡುತ್ತಾಳೆ: ತಂದೆ ತೀರಿಕೊಂಡಾಗ ತನಗೆ ಎಂಟೇ ವರ್ಷ, ಹಾಗಾಗಿ ಹೆಚ್ಚು ನೆನಪಿರಲಿಕ್ಕಿಲ್ಲ, ಕೇಳಿದ್ದನ್ನೂ ನೆನಪಿದ್ದುದನ್ನೂ ಬರೆಯುತ್ತಿದ್ದೇನೆ ಎನ್ನುತ್ತಾಳೆ. ಎಷ್ಟು ಇತಿಹಾಸಕಾರರು ತಮ್ಮ ಪುಸ್ತಕದ ಆರಂಭದಲ್ಲಿ ಹೀಗೆ ಹೇಳಿದ್ದಾರೆ?

*

ಎಂಟು ವರ್ಷದ ಹುಡುಗಿಗೆ ಉಳಿದ ನೆನಪುಗಳು ಯಾವುವು?

1525ರ ಕೊನೆಯಲ್ಲಿ ಬಾಬರ್ ಕಾಬೂಲಿನಿಂದ ಹಿಂದೂಸ್ತಾನಕ್ಕೆ ಹೊರಟಾಗ ಅವಳು ಎರಡು ವರ್ಷದ ಕೂಸು. 1526ರ ಏಪ್ರಿಲ್‌ನಲ್ಲಿ ಪಾಣಿಪತ್ ಯುದ್ಧವಾಯಿತು. ಗೆದ್ದವನು ಕಾಬೂಲಿನ ಹೆಂಗಸರು ಮಕ್ಕಳಿಗೆಲ್ಲ ಉಡುಗೊರೆ ಕಳಿಸಿದ. ಅದರಲ್ಲಿ ಒಂದು ತಮಾಷೆಯೂ ಇತ್ತು. ಅಸಸ್ ಎಂಬ ಮುಗ್ಧ ಮುದುಕನಿಗೆ, ಬಾದಶಹ ನಿನಗೆ ಒಂದೇ ಒಂದು ಅಶ್ರಫಿ ಕಳಿಸಿದ್ದಾರೆ ಎಂದು ಹೇಳಿಸಿದ. ಮುದುಕ ಮೂರು ದಿನ ಕೊರಗಿದ. ಆಮೇಲೆ ಅವನ ಕಣ್ಣಿಗೆ ಬಟ್ಟೆ ಕಟ್ಟಿ ಆ ಅಶ್ರಫಿಯನ್ನು ಕೊರಳಿಗೆ ತೂಗುಹಾಕಿದರು. ಅದು ಹೇಳಿ ಮಾಡಿಸಿದ ಭಾರಿ ತೂಕದ ಚಿನ್ನದ ಬಿಲ್ಲೆ. ನಡುವೆ ತೂತು ಕೊರೆಸಲಾಗಿತ್ತು. ಭಾರಕ್ಕೆ ಕುಗ್ಗಿದ ಮುದುಕ ಅದೇನೆಂದು ತಿಳಿದೊಡನೆ ಕುಣಿದಾಡಿದನಂತೆ. ಪಾಣಿಪತ್‌ನ ಬಗ್ಗೆ ನಾವು ಶಾಲೆಯಲ್ಲಿ ಫಿರಂಗಿಗಳ ಸಾಲನ್ನು ಓದಿದೆವು. ಕಾಬೂಲಿನ ಮನೆಯಲ್ಲಿ ಆ ಯುದ್ಧದ ನೆನಪೆಂದರೆ ಈ ಮುದುಕನ ಕುಣಿತ.

ಬಾಬರನ ಹಿರಿಯ ರಾಣಿ ಮಾಹಂ ಬೇಗಂ, ಹುಮಾಯೂನನ ತಾಯಿ, ಗುಲ್‌ಬದನಳನ್ನು ತನ್ನ ಮಗಳಾಗಿ ಸಾಕುತ್ತಿದ್ದಳು. 1529ರಲ್ಲಿ ಅವಳ ಜೊತೆಗೆ ಹುಡುಗಿ ಆಗ್ರಾಕ್ಕೆ ಬಂದಳು. ಮಾಹಂ ಹತ್ತಿರ ಬಂದಳೆಂಬ ಸುದ್ದಿ ಕೇಳಿ ಬಾಬರ್ ಕುದುರೆಗೆ ಜೀನು ಹಾಕುವಷ್ಟು ಹೊತ್ತೂ ಕಾಯದೆ ನಡೆದೇ ಹೊರಟುಬಿಟ್ಟನಂತೆ. ಅವಳು ಇಳಿಯಲು ಹೋದರೆ ಬೇಡವೆಂದು, ತಾನೇ ಅವಳ ಪರಿವಾರದ ಜೊತೆ ಮನೆಯವರೆಗೂ ಕಾಲ್ನಡಿಗೆಯಲ್ಲಿ ಬಂದ. ಆಮೇಲೆ ಹುಡುಗಿಯ ಸರದಿ. ಕೂಸಾಗಿದ್ದಾಗ ಬಿಟ್ಟುಹೋದ ತಂದೆ ಅವಳಿಗೆ ಅಪರಿಚಿತನೇ. ಅವಳು ಕಾಲಿಗೆ ಬಿದ್ದಳು. ಅವನು ಏನೇನೋ ಕೇಳಿದ, ಸ್ವಲ್ಪ ಹೊತ್ತು ತೋಳಲ್ಲಿ ಹಿಡಿದುಕೊಂಡ. ಆ ಹೊತ್ತಿನ ಸಂತೋಷಕ್ಕಿಂತ ದೊಡ್ಡ ಸಂತೋಷವನ್ನು ಊಹಿಸಲೂ ಆಗದು ಎಂದು ಅರವತ್ತು ದಾಟಿದ ಹೆಂಗಸು ಬರೆಯುತ್ತಾಳೆ.

ಸಿಕ್ರಿಯ ತೋಟದಲ್ಲಿ ಒಂದು ಚೌಕಂಡಿ ಕಟ್ಟಿಸಿಕೊಂಡು ತಂದೆ ಅಲ್ಲಿ ಕೂತು ಪುಸ್ತಕ ಬರೆಯುತ್ತಿದ್ದುದು ಅವಳಿಗೆ ನೆನಪಿದೆ. ಅದೇ ಸಿಕ್ರಿಯಲ್ಲಿ ಒಂದು ದಿನ ಮಾಹಂ ನಮಾಜಿಗೆ ಎದ್ದುಹೋದಾಗ ಇವಳು ಅಫ್ಘಾನಿ ಆಗಾಚಾ ಎಂಬ ಚಿಕ್ಕಮ್ಮನಿಗೆ, ನನ್ನ ಕೈ ಹಿಡಿದು ಎಳೆಯಿರಿ ಎಂದಳು. ಅವಳು ಎಳೆದಳು, ಕೈಯ ಕೀಲು ತಪ್ಪಿತು. ಹುಡುಗಿ ಚೀರಿ ಅತ್ತಳು. ಮೂಳೆ ಕಟ್ಟುವವನು ಬಂದು ಕೈ ಕಟ್ಟಿದ ಮೇಲೆಯೇ ಬಾದಶಹ ಅಲ್ಲಿಂದ ಆಗ್ರಾಕ್ಕೆ ಹೊರಟ. ಸಾಮ್ರಾಜ್ಯದ ಚರಿತ್ರೆಗೆ ಈ ಮಾತು ಯಾವ ಉಪಯೋಗಕ್ಕೂ ಬರುವಂಥದ್ದಲ್ಲ. ಆದರೆ ಅವಳಿಗೆ ತಂದೆಯ ಜೊತೆ ಸಿಕ್ಕಿದ್ದು ಒಂದೂವರೆ ವರ್ಷ ಮಾತ್ರ. ಅಷ್ಟರಲ್ಲಿ ಯಾವುದನ್ನು ಬಿಡುವುದು?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಶುಕ್ರವಾರದ ನೆನಪು. ಬಾಬರನ ತಂದೆಯ ಅಕ್ಕತಂಗಿಯರು, ಅವನ ಫುಪ್ಪುಗಳು, ಕಾಬೂಲಿನಿಂದ ಬಂದು ಆಗ್ರಾದಲ್ಲಿ ನೆಲೆಸಿದ್ದರು. ಅವರು ಮನೆಯಲ್ಲಿ ಏನು ಕಟ್ಟಿಸಲು ಹೇಳಿದರೂ ಬೇರೆ ಕೆಲಸ ಬಿಟ್ಟು ಅದನ್ನು ಮೊದಲು ಮಾಡಿಕೊಡಬೇಕೆಂದು ಕಟ್ಟಡದ ಮೇಸ್ತ್ರಿಗೆ ಆಜ್ಞೆ ಇತ್ತು. ಪ್ರತಿ ಶುಕ್ರವಾರ ಬಾಬರ್ ತಪ್ಪದೆ ಅವರನ್ನು ನೋಡಲು ಹೋಗುತ್ತಿದ್ದ. ಒಮ್ಮೆ ಆಗ್ರಾದ ಬಿರುಬಿಸಿಲಿನಲ್ಲಿ ಹೊರಟವನನ್ನು ಮಾಹಂ ತಡೆದು, ಒಂದು ಶುಕ್ರವಾರ ಹೋಗದಿದ್ದರೆ ಏನಂತೆ, ಬೇಗಂಗಳೇನೂ ಬೇಸರಪಟ್ಟುಕೊಳ್ಳುವುದಿಲ್ಲ ಎಂದಳು. ನೀನು ಹೀಗೆ ಹೇಳುವುದೇ ಆಶ್ಚರ್ಯ, ಅವರು ತಂದೆಯನ್ನೂ ಸೋದರರನ್ನೂ ಕಳೆದುಕೊಂಡ ಹೆಣ್ಣುಮಕ್ಕಳು, ನಾನಲ್ಲದೆ ಅವರ ಮನಸ್ಸನ್ನು ಮತ್ಯಾರು ಕಾಯಬೇಕು ಎಂಬರ್ಥದಲ್ಲಿ ಬಾಬರ್ ಉತ್ತರಿಸಿದ.

ಸತ್ತ ಅಪ್ಪನ ಅಕ್ಕತಂಗಿಯರನ್ನು ವಾರಕ್ಕೊಮ್ಮೆ ನೋಡಿಬರುವುದೂ ಅಪ್ಪನನ್ನು ನೆನೆಯುವ ಒಂದು ದಾರಿಯೇ. ನಮ್ಮ ಎಷ್ಟು ಮನೆಗಳಲ್ಲಿ ಇಂದು ಫುಪ್ಪುಗಳ ನೆನಪಾಗುವುದು ಆಸ್ತಿ ಪಾಲಿನ ಪತ್ರಕ್ಕೆ ರುಜು ಬೇಕಾದಾಗ!

*

ಇನ್ನು ಸಾವಿನ ಕಥೆ. 1530ರಲ್ಲಿ ಹುಮಾಯೂನ್ ಸಂಭಲ್‌ನಲ್ಲಿ ಕಾಯಿಲೆ ಬಿದ್ದ. ದಿಲ್ಲಿಯ ಮಾರ್ಗವಾಗಿ ದೋಣಿಯಲ್ಲಿ ಅವನನ್ನು ಆಗ್ರಾಕ್ಕೆ ತಂದರು. ಬಾಬರ್ ಕಂಗೆಟ್ಟದ್ದನ್ನು ಕಂಡ ಮಾಹಂ, ನಿಮಗೆ ಬೇರೆ ಗಂಡುಮಕ್ಕಳಿದ್ದಾರೆ, ನನಗಿರುವುದು ಇವನೊಬ್ಬನೇ ಎಂದಳು. ಬೇರೆ ಮಕ್ಕಳಿದ್ದರೂ ನಿನ್ನ ಹುಮಾಯೂನನಷ್ಟು ಯಾರೂ ನನಗೆ ಪ್ರಿಯರಲ್ಲ ಎಂದು ಬಾಬರ್ ಹೇಳಿದ. ಮಗನ ಹಾಸಿಗೆಗೆ ಪ್ರದಕ್ಷಿಣೆ ಬಂದು, ಪ್ರಾಣಕ್ಕೆ ಪ್ರಾಣ ಬದಲಾಗುವುದಾದರೆ ನನ್ನದನ್ನು ತೆಗೆದುಕೋ ಎಂದು ಅಲ್ಲಾಹನಲ್ಲಿ ಬೇಡಿದ. ಅಂದೇ ಅವನು ಮಲಗಿದ, ಮಗ ಎದ್ದ ಎಂದು ಗುಲ್‌ಬದನ್ ಬರೆಯುತ್ತಾಳೆ.

ಈ ಪ್ರಸಂಗ ಶಾಲೆಯ ಪುಸ್ತಕಗಳಲ್ಲೂ ಬಂದು ದಂತಕಥೆಯಾಗಿದೆ. ಮಗ ಚೇತರಿಸಿಕೊಂಡದ್ದಕ್ಕೂ ತಂದೆ ಸತ್ತದ್ದಕ್ಕೂ ನಡುವೆ ತಿಂಗಳುಗಳ ಅಂತರವಿದೆ ಎಂದು ಇತಿಹಾಸಕಾರರು ತೋರಿಸುತ್ತಾರೆ. ಆದರೆ ಗುಲ್‌ಬದನಳೂ ಇದನ್ನು ಮುಚ್ಚಿಟ್ಟಿಲ್ಲ. ತಂದೆ ಎರಡು ಮೂರು ತಿಂಗಳು ಹಾಸಿಗೆ ಹಿಡಿದಿದ್ದರು ಎನ್ನುತ್ತಾಳೆ. ಹಿಂದೊಮ್ಮೆ ಇಬ್ರಾಹಿಂ ಲೋದಿಯ ತಾಯಿ ಹಾಕಿಸಿದ್ದ ವಿಷದ ಲಕ್ಷಣಗಳೇ ಇವು ಎಂದು ಹಕೀಮರು ಹೇಳಿದ್ದನ್ನೂ ದಾಖಲಿಸುತ್ತಾಳೆ. ಹರಕೆಯನ್ನೂ ಹೇಳುತ್ತಾಳೆ, ವಿಷವನ್ನೂ ಹೇಳುತ್ತಾಳೆ; ಯಾವುದನ್ನು ನಂಬಬೇಕೆಂದು ತೀರ್ಪು ಕೊಡುವುದಿಲ್ಲ. ಮನೆಯಲ್ಲಿ ಒಂದು ಸಾವಾದಾಗ ನಾವೂ ಹೀಗೆಯೇ ಅಲ್ಲವೇ? ಡಾಕ್ಟರು ಹೇಳಿದ್ದು ಒಂದು ಕಡೆ, ಅಮ್ಮ ನಂಬಿದ್ದು ಇನ್ನೊಂದು ಕಡೆ. ಎರಡನ್ನೂ ಇಟ್ಟುಕೊಂಡು ಬದುಕುತ್ತೇವೆ.

ಆ ಕೊನೆಯ ದಿನಗಳಲ್ಲಿ ಬಾಬರ್ ಮತ್ತೆ ಮತ್ತೆ ಕೇಳುತ್ತಿದ್ದುದು ಹಿಂದಾಲನನ್ನು. ಹಿಂದಾಲ್ ಗುಲ್‌ಬದನಳ ಒಡಹುಟ್ಟಿದ ಅಣ್ಣ. ದೂರದಲ್ಲಿದ್ದ, ಇನ್ನೂ ಬಂದು ಮುಟ್ಟಿರಲಿಲ್ಲ. ತಂದೆ ಅವನನ್ನು ಕಂಡು ಐದು ವರ್ಷವಾಗಿತ್ತು. ಹಿಂದಾಲನ ಕಡೆಯಿಂದ ಬಂದ ಯುವಕನೊಬ್ಬ ತಾನು ತೊಟ್ಟಿದ್ದ ಅಂಗಿಯನ್ನು ತೋರಿಸಿ, ಇದು ಮಿರ್ಜಾ ಅವರದೇ, ನನಗೆ ಕೊಟ್ಟರು ಎಂದ. ಹತ್ತಿರ ಬಾ ಎಂದು ಕರೆದು, ಹಿಂದಾಲ್ ಎಷ್ಟೆತ್ತರ ಬೆಳೆದಿದ್ದಾನೆ ನೋಡೋಣ ಎಂದು ಬಾಬರ್ ಆ ಅಂಗಿಯನ್ನು ನೋಡಿದ. ಮಗನನ್ನು ಕಾಣಲಾಗದ ತಂದೆ ಮಗನ ಅಂಗಿಯ ಅಳತೆಯನ್ನು ಕಂಡ. ದರ್ಜಿಯ ಮಗಳಾದ ನನಗೆ ಈ ಪುಟವನ್ನು ದಾಟುವುದು ಕಷ್ಟವಾಯಿತು.

1530ರ ಡಿಸೆಂಬರ್ 26ರಂದು ಬಾಬರ್ ತೀರಿಕೊಂಡ. ಸಾಯುವ ಮೊದಲು ತಮ್ಮಂದಿರನ್ನೂ ಬಂಧುಗಳನ್ನೂ ಹುಮಾಯೂನನ ವಶಕ್ಕೆ ಒಪ್ಪಿಸಿದ. ಸಾವಿನ ಸುದ್ದಿಯನ್ನು ಕೆಲಕಾಲ ಮುಚ್ಚಿಟ್ಟರು. ದೊರೆ ಸತ್ತರೆ ಪೇಟೆ ಲೂಟಿಯಾಗುವುದು ಹಿಂದೂಸ್ತಾನದಲ್ಲಿ ವಾಡಿಕೆ ಎಂದು ಅಮೀರನೊಬ್ಬ ಎಚ್ಚರಿಸಿದ್ದ. ಅವನ ಸಲಹೆಯಂತೆ ಕೆಂಪು ಬಟ್ಟೆ ತೊಟ್ಟವನೊಬ್ಬನನ್ನು ಆನೆಯ ಮೇಲೆ ಕೂರಿಸಿ, ಬಾಬರ್ ಬಾದಶಹ ದರ್ವೇಶಿಯಾಗಿದ್ದಾರೆ, ರಾಜ್ಯವನ್ನು ಹುಮಾಯೂನರಿಗೆ ಕೊಟ್ಟಿದ್ದಾರೆ ಎಂದು ಊರೆಲ್ಲ ಸಾರಿಸಿದರು. ಊರಿನ ಬೀದಿಯಲ್ಲಿ ಹೀಗೆ ಡಂಗುರ ಸಾಗುತ್ತಿದ್ದಾಗ ಒಳಗೆ ಮಕ್ಕಳು ಒಬ್ಬೊಬ್ಬರೂ ಒಂದೊಂದು ಮೂಲೆ ಹಿಡಿದು ಅಳುತ್ತಿದ್ದರು. ಎಂಟು ವರ್ಷದ ಹುಡುಗಿಯ ಪಾಲಿಗೆ ತಂದೆಯ ಸಾವೆಂದರೆ ಜೋರಾಗಿ ಅಳಬಾರದ ಸಾವು.

ಗೋರಿಯ ಬಳಿ ಕುರ್‌ಆನ್ ಓದಲು ಅರವತ್ತು ಮಂದಿ ಹಾಫಿಜರನ್ನು ನೇಮಿಸಿದರು. ಮಾಹಂ ಬದುಕಿರುವವರೆಗೂ ತನ್ನ ಖರ್ಚಿನಲ್ಲಿ ದಿನಕ್ಕೆರಡು ಹೊತ್ತು ಅಲ್ಲಿ ಊಟ ಹಾಕಿಸಿದಳು. ಮುಂದೆ ಬಾಬರನ ದೇಹವನ್ನು ಅವನ ಇಚ್ಛೆಯಂತೆ ಕಾಬೂಲಿಗೆ ಒಯ್ದು ಅಲ್ಲಿನ ತೋಟದಲ್ಲಿ ಮಣ್ಣು ಮಾಡಿದರು. ಮರಿಮಗ ಜಹಾಂಗೀರ್ 1607ರಲ್ಲಿ ಅಲ್ಲಿಗೆ ಹೋದ. ಅವನ ಮಗ ಷಹಜಹಾನ್ ಪಕ್ಕದಲ್ಲೊಂದು ಅಮೃತಶಿಲೆಯ ಪುಟ್ಟ ಮಸೀದಿ ಕಟ್ಟಿಸಿದ. ಕಳೆದ ಶತಮಾನದ ಕೊನೆಯ ಅಂತರ್ಯುದ್ಧದಲ್ಲಿ ಹಾಳಾಗಿದ್ದ ಆ ತೋಟವನ್ನು ಈ ಶತಮಾನದ ಆರಂಭದಲ್ಲಿ ಆಗಾಖಾನ್ ಟ್ರಸ್ಟ್ ಮತ್ತೆ ಸರಿಪಡಿಸಿತು.

*

ಇಷ್ಟು ಓದಿ, ಬಾಬರ್ ಒಳ್ಳೆಯ ತಂದೆ, ಆದ್ದರಿಂದ ಒಳ್ಳೆಯ ದೊರೆ ಎಂದು ವಾದ ಹೂಡುವುದು ನನ್ನ ಉದ್ದೇಶವಲ್ಲ. ಮಗಳು ಯುದ್ಧಭೂಮಿಯನ್ನು ಕಾಣಲಿಲ್ಲ. ಶತ್ರುಗಳ ತಲೆಗಳಿಂದ ಗೋಪುರ ಕಟ್ಟಿಸಿದ್ದನ್ನು ಬಾಬರ್ ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಂಡಿದ್ದಾನೆ. ಕಾಬೂಲಿಗೆ ಬಂದ ಉಡುಗೊರೆಗಳಲ್ಲಿ ಇಬ್ರಾಹಿಂ ಲೋದಿಯ ಅರಮನೆಯ ನರ್ತಕಿಯರೂ ಇದ್ದರೆಂದು ಗುಲ್‌ಬದನಳೇ ಬರೆಯುತ್ತಾಳೆ. ಆ ಹೆಣ್ಣುಮಕ್ಕಳಿಗೂ ತಂದೆಯರಿದ್ದರು. ಅವರ ನೆನಪುಗಳನ್ನು ಯಾರೂ ಕೇಳಿ ಬರೆಸಲಿಲ್ಲ. ಗೆದ್ದವನ ಮಗಳಿಗೆ ಕಾಗದ ಸಿಕ್ಕಿತು, ಸೋತವರ ಹೆಣ್ಣುಮಕ್ಕಳಿಗೆ ಸಿಗಲಿಲ್ಲ. ಇದನ್ನು ಮರೆತು ಗುಲ್‌ಬದನಳನ್ನು ಓದಬಾರದು.

ತಂದೆಯನ್ನು ಹೇಗೆ ನೆನೆಯಬೇಕು ಎಂಬುದಕ್ಕೆ ಬಾಬರ್ ತಾನೇ ಒಂದು ಮಾದರಿ ಬಿಟ್ಟುಹೋಗಿದ್ದಾನೆ. ಅವನ ತಂದೆ ಉಮರ್ ಶೇಖ್ ಮಿರ್ಜಾ ಫರ್ಗಾನಾದ ದೊರೆ. 1494ರಲ್ಲಿ ಅಖ್ಸಿಯ ಕೋಟೆಯಲ್ಲಿ, ಕಮರಿಯ ಅಂಚಿನಲ್ಲಿದ್ದ ಪಾರಿವಾಳದ ಗೂಡುಮನೆ ಕುಸಿದು ಅದರ ಜೊತೆ ಕೆಳಗೆ ಬಿದ್ದು ಸತ್ತ. ಬಾಬರನಿಗೆ ಆಗ ಹನ್ನೊಂದು ವರ್ಷ. ಆ ತಂದೆಯ ಚಿತ್ರವನ್ನು ಅವನು ಬರೆಯುವ ರೀತಿ ನೋಡಬೇಕು. ಗಿಡ್ಡ, ದಪ್ಪ, ಅಂಗಿಯನ್ನು ಎಷ್ಟು ಬಿಗಿಯಾಗಿ ತೊಡುತ್ತಿದ್ದನೆಂದರೆ ಹೊಟ್ಟೆ ಒಳಗೆಳೆದು ಕಸೆ ಕಟ್ಟಬೇಕು, ಉಸಿರು ಬಿಟ್ಟರೆ ಕಸೆ ಹರಿಯುತ್ತಿತ್ತು. (ನಮ್ಮ ಅಬ್ಬ ಇದನ್ನು ಕೇಳಿದ್ದರೆ ದೊರೆಯನ್ನು ಬಿಟ್ಟು ಅವನ ದರ್ಜಿಯನ್ನು ಬೈಯುತ್ತಿದ್ದರು.) ನ್ಯಾಯವಂತ: ಹಿಮದಲ್ಲಿ ಸಿಕ್ಕಿ ಸತ್ತ ವರ್ತಕರ ಸರಕನ್ನು, ತನಗೆ ಹಣದ ಅಡಚಣೆ ಇದ್ದರೂ ಮುಟ್ಟದೆ ಕಾದಿಟ್ಟು, ಅವರ ವಾರಸುದಾರರನ್ನು ದೂರದೂರದಿಂದ ಕರೆಸಿ ಒಪ್ಪಿಸಿದ. ನಮಾಜು ತಪ್ಪಿಸುತ್ತಿರಲಿಲ್ಲ. ಕುಡಿಯುತ್ತಲೂ ಇದ್ದ, ಜೂಜಾಡುತ್ತಲೂ ಇದ್ದ. ಎಲ್ಲವೂ ಒಂದೇ ಉಸಿರಿನಲ್ಲಿ, ಒಂದನ್ನೂ ಬಿಡದೆ. ಓದಿ ಮುಗಿಸಿದಾಗ ಆ ಮಗನಿಗೆ ತಂದೆಯ ಮೇಲೆ ಪ್ರೀತಿ ಇತ್ತೆಂಬುದರಲ್ಲಿ ನಮಗೆ ಸಂಶಯವೇ ಉಳಿಯುವುದಿಲ್ಲ.

ಸತ್ತವರ ಒಳ್ಳೆಯದನ್ನಷ್ಟೇ ಆಡಬೇಕೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಅದರ ಹಿಂದಿನ ಸೌಜನ್ಯ ದೊಡ್ಡದು; ಉತ್ತರ ಕೊಡಲಾಗದವರನ್ನು ಆಡಿಕೊಳ್ಳಬಾರದು ಎಂಬ ತಿಳಿವಳಿಕೆ ಅದು. ಆದರೆ ಒಳ್ಳೆಯದನ್ನಷ್ಟೇ ಹೇಳುತ್ತ ಹೋದರೆ ಕ್ರಮೇಣ ಸತ್ತವರೆಲ್ಲ ಒಂದೇ ರೀತಿ ಕಾಣತೊಡಗುತ್ತಾರೆ: ಎಲ್ಲರೂ ನೇಕ್, ಎಲ್ಲರೂ ಪರ್‌ಹೇಜ್‌ಗಾರ್. ಮುಖವೇ ಇಲ್ಲದ ಒಳ್ಳೆಯವರು. ಹಾಗೆ ಮುಖ ಅಳಿಸಿಹೋದ ಜಾಗದಲ್ಲೇ ಹೊರಗಿನವರು ತಮಗೆ ಬೇಕಾದ ಮುಖವನ್ನು ಅಂಟಿಸುತ್ತಾರೆ. 1992ರ ಡಿಸೆಂಬರ್ 6ರಂದು ಅಯೋಧ್ಯೆಯ ಮಸೀದಿ ಉರುಳಿದ ಮೇಲೆ ಬಾಬರನ ಹೆಸರು ಬೀದಿ ಜಗಳದ ಮಾತಾಗಿ ನಮ್ಮ ಹಳ್ಳಿಗಳಿಗೂ ಬಂತು. ನಮ್ಮ ತಾತ ಯಾರೆಂದು ನಾವು ಮಕ್ಕಳಿಗೆ ಹೇಳದಿದ್ದರೆ ಬೀದಿ ಹೇಳುತ್ತದೆ.

*

ಗುಲ್‌ಬದನಳ ಕಥೆಯ ಉಳಿದ ಭಾಗವನ್ನೂ ಹೇಳಿಬಿಡುತ್ತೇನೆ. ತಂದೆ ಹೋದ ಮೂರನೇ ವರ್ಷ ಸಾಕುತಾಯಿ ಮಾಹಂ ತೀರಿಕೊಂಡಳು. ರಾಜ್ಯ ಹೋಯಿತು. ಅಣ್ಣಂದಿರು ಬಡಿದಾಡಿಕೊಂಡರು. 1551ರ ನವೆಂಬರ್‌ನಲ್ಲಿ, ಕಾಮ್ರಾನನ ಕಡೆಯವರು ರಾತ್ರಿ ಮೇಲೆ ಬಿದ್ದಾಗ, ಹುಮಾಯೂನನ ಪರವಾಗಿ ಹೋರಾಡುತ್ತಿದ್ದ ಹಿಂದಾಲ್ ಸತ್ತ. ಅವನ ಬದಲು ತನ್ನ ಮಗನೋ ಗಂಡನೋ ಹೋಗಬಾರದಿತ್ತೇ ಎಂದು ಅವಳು ಬರೆದುಬಿಡುತ್ತಾಳೆ. ಹೀಗೆ ಬರೆಯಲು ಎಂಥ ದುಃಖ ಇರಬೇಕು, ಎಂಥ ಧೈರ್ಯವೂ ಇರಬೇಕು!

ಆ ಪುಸ್ತಕದ ಒಂದೇ ಒಂದು ಹಸ್ತಪ್ರತಿ ಉಳಿದಿದೆ. ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಆನೆಟ್ ಬೆವರಿಜ್ ಎಂಬ ವಿದುಷಿ ಅದನ್ನು 1902ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಲೋಕಕ್ಕೆ ಗೊತ್ತಾಯಿತು. ಹಸ್ತಪ್ರತಿ ಪೂರ್ತಿಯಾಗಿಲ್ಲ. 1553ರಲ್ಲಿ ಹುಮಾಯೂನ್ ತಮ್ಮ ಕಾಮ್ರಾನನ ಕಣ್ಣುಗಳನ್ನು ಕುರುಡು ಮಾಡಿಸಿದ ಪ್ರಸಂಗಕ್ಕೆ ಬಂದು, ಒಂದು ವಾಕ್ಯದ ನಡುವೆ ನಿಂತುಹೋಗುತ್ತದೆ. ತಮ್ಮಂದಿರನ್ನು ನಿನಗೆ ಒಪ್ಪಿಸಿದ್ದೇನೆ ಎಂದಿದ್ದ ತಂದೆಯ ಕೊನೆಯ ಮಾತು ಮುರಿದುಬಿದ್ದ ಜಾಗ ಅದು. ಮುಂದಿನ ಹಾಳೆಗಳು ಸಿಕ್ಕಿಲ್ಲ.

ಮುದಿತನದಲ್ಲಿ ಅವಳು ಮನೆಯ ಹೆಂಗಸರನ್ನು ಕೂಡಿಕೊಂಡು ಹಜ್‌ಗೆ ಹೋದಳು. ಸಿಕ್ರಿಯಿಂದ ಹೊರಟು ಸೂರತ್‌ನಲ್ಲಿ ಹಡಗು ಹತ್ತಿ, ನಾಲ್ಕು ಬಾರಿ ಹಜ್ ಮಾಡಿ, ಹಿಂದಿರುಗುವಾಗ ಏಡನ್ ಬಳಿ ಹಡಗು ಒಡೆದು ತಿಂಗಳುಗಟ್ಟಲೆ ಅಲ್ಲಿ ಸಿಕ್ಕಿಕೊಂಡು, 1582ರಲ್ಲಿ ಮನೆಗೆ ಬಂದಳು. ಪುಸ್ತಕ ಬರೆದದ್ದು ಅದರ ನಂತರ. 1603ರ ಫೆಬ್ರವರಿಯಲ್ಲಿ, ಎಂಬತ್ತರ ಹತ್ತಿರ, ತೀರಿಕೊಂಡಳು. ಅವಳ ಜನಾಜಾಕ್ಕೆ ಬಾದಶಹ ಅಕ್ಬರ್ ತಾನೇ ಹೆಗಲು ಕೊಟ್ಟು ಸ್ವಲ್ಪ ದೂರ ನಡೆದ. ತಾನು ಕಾಣದ ತಾತನನ್ನು ತನಗ್ಕೆ ಕಾಣಿಸಿದ ಫುಪ್ಪುವಿಗೆ ಅವನು ಸಲ್ಲಿಸಬಹುದಾದ ಋಣ ಅದಕ್ಕಿಂತ ಬೇರೆ ಇರಲಿಲ್ಲ.

*

ಮರುದಿನ ಬೆಳಿಗ್ಗೆ ನಾನು ಹುಡುಗನನ್ನು ಅಬ್ಬನ ಅಂಗಡಿಗೆ ಕರೆದುಕೊಂಡು ಹೋದೆ. ಬೀಗ ತೆಗೆದು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಅಳತೆ ಪುಸ್ತಕಗಳನ್ನು ಹೊರಗೆಳೆದೆ. ಉದ್ದನೆಯ ರೂಲು ಪುಸ್ತಕಗಳು. ಅಂಚು ಸವೆದು ಮೆತ್ತಗಾಗಿವೆ. ಅಬ್ಬ ಹೆಸರುಗಳನ್ನು ಕನ್ನಡದಲ್ಲೂ ಅಂಕಿಗಳನ್ನು ಉರ್ದುವಿನಲ್ಲೂ ಬರೆಯುತ್ತಿದ್ದರು. ಉದ್ದ, ಎದೆ, ತೋಳು, ಕಾಲರ್. ಊರಿನ ಗೌಡರು, ಪೂಜಾರರು, ಹಮಾಲಿ ಕೆಲಸದವರು, ಮೇಷ್ಟ್ರು, ಮೌಲ್ವಿ ಸಾಹೇಬರು, ಎಲ್ಲರ ಎದೆಯ ಸುತ್ತಳತೆಯೂ ಅದರಲ್ಲಿದೆ. ಈಗ ಇಲ್ಲದವರ ಅಳತೆಯೂ ಇದೆ.

ಒಂದು ಪುಟದಲ್ಲಿ ನಮ್ಮ ಹುಡುಗನ ಹೆಸರು ಸಿಕ್ಕಿತು. ಅದರ ಮುಂದೆ ಒಂದರ ಕೆಳಗೊಂದು ಹತ್ತು ಸಾಲು. ಪ್ರತಿ ಈದ್‌ಗೆ ಒಂದು ಸಾಲು. ಮೊದಲ ಕೆಲವು ವರ್ಷ ತಮ್ಮ ಅವನನ್ನು ಊರಿಗೆ ಕರೆತಂದಿರಲಿಲ್ಲ. ಅಪ್ಪನಿಗೂ ಮಗನಿಗೂ ಆಗ ಮಾತಿರಲಿಲ್ಲ. ಅಬ್ಬನ ಸಿಟ್ಟು ಸಣ್ಣದಲ್ಲ, ಹಟ ಅದಕ್ಕಿಂತ ದೊಡ್ಡದು. ತಪ್ಪು ಅಬ್ಬನದೇ ಎಂದು ಅಮ್ಮಿ ಇಂದಿಗೂ ಹೇಳುತ್ತಾರೆ. ಆದರೂ ಆ ವರ್ಷಗಳ ಸಾಲು ಖಾಲಿ ಬಿಟ್ಟಿರಲಿಲ್ಲ. ಯಾರಿಂದಲೋ ಫೋನಿನಲ್ಲಿ ಕೇಳಿ ತಿಳಿದುಕೊಂಡು ಬರೆದಿದ್ದರು, ಇಲ್ಲವೇ ಆ ವಯಸ್ಸಿನ ಬೇರೆ ಮಗುವನ್ನು ನೋಡಿ ಅಂದಾಜು ಮಾಡಿದ್ದರು. ಅಂಗಿ ಹೊಲಿದು ಕಳಿಸುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ನಾನು ಅವರನ್ನು ಕೇಳಬಹುದಾಗಿತ್ತು. ಕೇಳಲಿಲ್ಲ.

ಹುಡುಗ ಬೆರಳಿಟ್ಟು ಸಾಲುಗಳನ್ನು ಎಣಿಸಿದ. ಉರ್ದು ಅಂಕಿ ಅವನಿಗೆ ಬರುವುದಿಲ್ಲ. ನಾನು ಒಂದೊಂದನ್ನೇ ಓದಿ ಹೇಳಿದೆ.

“ಇದು ದಾದಾ” ಎಂದೆ. “ಇನ್ನೂ ಇದೆ. ಸಿಟ್ಟಿನ ಕಥೆಯೂ ಇದೆ. ಕೇಳುತ್ತಾ ಹೋಗು, ನೆನಪಿದ್ದಷ್ಟನ್ನು ಹೇಳುತ್ತಾ ಹೋಗುತ್ತೇನೆ.”

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ ಫುಪ್ಪು, ಖಾಲಾ, ಅತ್ತೆ, ದೊಡ್ಡಮ್ಮ ಎಂದು ಯಾರಾದರೂ ಇದ್ದರೆ ಈ ಶುಕ್ರವಾರ ಅವರ ಬಳಿ ಹೋಗಿ ಕೂತುಕೊಳ್ಳಿ. ನಮ್ಮ ತಾತ ಹೇಗಿದ್ದರು ಎಂದು ಕೇಳಿ. ಆಗ ನಾನು ಚಿಕ್ಕವಳು, ನನಗೇನು ನೆನಪಿದೆ ಎಂದು ಅವರು ಮೊದಲಿಗೆ ಹೇಳಿಯೇ ಹೇಳುತ್ತಾರೆ. ಗುಲ್‌ಬದನ್ ಬೇಗಂ ಕೂಡ ಹಾಗೆಯೇ ಹೇಳಿ ಶುರು ಮಾಡಿದ್ದಳು.